ಮೂವತ್ತೆರಡನೆಯ ತಾಳ

ಚಿಕ್ಕ ಕೀಬೋರ್ಡಿಗೆ ಎಂಟು ಸಾವಿರದ ಒಂಬೈನೂರು. ನಡುವಿನದಕ್ಕೆ ಹತ್ತೊಂಬತ್ತೂವರೆ ಸಾವಿರ. ದೊಡ್ಡದಕ್ಕೆ ಮೂವತ್ತಾರು ಸಾವಿರ. ಯಾವುದನ್ನು ತೆಗೆದುಕೊಂಡರೂ ಸ್ಟ್ಯಾಂಡಿಗೆ ಬೇರೆ ಸಾವಿರದ ನಾನೂರು, ಚೀಲಕ್ಕೆ ಒಂಬೈನೂರು. ಹಳೆಯ ಹಾರ್ಮೋನಿಯಂ ಕೊಟ್ಟರೆ ಸಾವಿರದೈನೂರು ಮುರಿದುಕೊಳ್ಳುತ್ತೇನೆ ಎಂದು ಅಂಗಡಿಯ ಶರತ್ ಹೇಳಿದಾಗ ವೆಂಕಟಲಕ್ಷ್ಮಮ್ಮ ಅವನ ಮಾತನ್ನು ಅಲ್ಲೇ ತಡೆದಳು.

"ಸಾವಿರದೈನೂರಾ? ನಮ್ಮತ್ತೆ ಒಂದು ಎಮ್ಮೆ ಮಾರಿ ತಂದಿದ್ದು ಕಣಪ್ಪ ಅದು."

"ಆ ಎಮ್ಮೆನೂ ಈಗ ಇಲ್ವಲ್ಲಮ್ಮ," ಎಂದ ಶರತ್, ಕೀಬೋರ್ಡಿನ ಮೇಲಿನ ದೂಳು ಒರೆಸುತ್ತ.

ಸೊಸೆ ಹೇಮಾಶ್ರೀ ಕಿಸಕ್ಕನೆ ನಕ್ಕಳು. ಅವಳ ಕಣ್ಣು ಆಗಲೇ ದೊಡ್ಡದರ ಮೇಲೆ ಬಿದ್ದಿತ್ತು.

ವೆಂಕಟಲಕ್ಷ್ಮಮ್ಮ ಹಾರನಹಳ್ಳಿಯವಳು. ಮದುವೆ ಮನೆಗಳಲ್ಲಿ ಸೋಬಾನೆ ಹಾಡುವ ತಂಡ ಅವಳದು. ಅತ್ತೆ ಕಟ್ಟಿದ ತಂಡ, ಅತ್ತೆಯ ನಂತರ ಇವಳಿಗೆ ಬಂತು. ಹಾಡುವುದಕ್ಕೆ ಅವಳು ಮತ್ತು ನಾದಿನಿ ಹುಚ್ಚಮ್ಮ, ಹಾರ್ಮೋನಿಯಂಗೆ ಹೇಮಾಶ್ರೀ, ತಬಲಕ್ಕೆ ಹಳೇಬೀಡಿನ ಮರಿಯಣ್ಣ. ಒಂದು ಮದುವೆಗೆ ಒಂಬತ್ತು ಸಾವಿರ. ಅದನ್ನು ಐದು ಪಾಲು ಮಾಡುವುದು ಅತ್ತೆಯ ಕಾಲದಿಂದ ಬಂದ ಕ್ರಮ. ನಾಲ್ಕು ಜನಕ್ಕೆ ನಾಲ್ಕು ಪಾಲು, ಐದನೆಯದು ವಾದ್ಯಕ್ಕೆ. ವಾದ್ಯದ ಪಾಲನ್ನು ಯಾರೂ ಮುಟ್ಟುವಂತಿಲ್ಲ. ತಬಲದ ಚರ್ಮ ಹರಿದರೆ, ಹಾರ್ಮೋನಿಯಂನ ತಿದಿ ತೂತಾದರೆ ಅದರಿಂದಲೇ ರಿಪೇರಿ. ಈಗ ತಿದಿ ಎಷ್ಟು ತೇಪೆ ಹಾಕಿದರೂ ಗಾಳಿ ಹಿಡಿಯುತ್ತಿರಲಿಲ್ಲ. ಡಬ್ಬಿಯಲ್ಲಿ ವಾದ್ಯದ ಪಾಲು ಮೂವತ್ತನಾಲ್ಕು ಸಾವಿರ ಸೇರಿತ್ತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಅತ್ತೆ ಸೊಸೆ ಬೆಳಗಿನ ಬಸ್ಸಿಗೆ ಅರಸೀಕೆರೆಗೆ ಬಂದಿದ್ದರು.

"ಈ ಚಿಕ್ಕದರಾಗೆ ಏನು ಕೊರತೆ ಹೇಳು," ಎಂದಳು ಲಕ್ಷ್ಮಮ್ಮ.

ಹೇಮಾಶ್ರೀ ಒಂದು ಸ್ವರದ ಮನೆಯನ್ನು ಮೆಲ್ಲಗೆ ಒತ್ತಿದಳು, ಆಮೇಲೆ ಜೋರಾಗಿ ಒತ್ತಿದಳು. ಎರಡು ಸಲವೂ ಒಂದೇ ಸದ್ದು. "ನೋಡಿ ಅತ್ತೆ, ಮೆತ್ತಗೆ ಒತ್ತಿದ್ರೂ ಅಷ್ಟೇ, ಗುದ್ದಿದ್ರೂ ಅಷ್ಟೇ. ನೀವು ದನಿ ಇಳಿಸಿದಾಗ ನಾನೂ ಇಳಿಸಬೇಕಲ್ವಾ?"

ಮಾತು ಸರಿಯಾಗಿತ್ತು. ನಡುವಿನದು ಬೆರಳಿನ ಭಾರಕ್ಕೆ ತಕ್ಕಂತೆ ನುಡಿಯುತ್ತಿತ್ತು. ಅವಳ ದನಿಗೆ ಬೇಕಾದ ಶ್ರುತಿಗೆ ಒಂದು ಬಟನ್ನಿನಲ್ಲಿ ಇಳಿಯುತ್ತಿತ್ತು. ಕರೆಂಟು ಹೋದರೆ ಆರು ದಪ್ಪ ಸೆಲ್ಲು ಹಾಕಿಕೊಂಡು ನುಡಿಸಬಹುದಿತ್ತು.

"ಮತ್ತೆ ಆ ದೊಡ್ಡದು ಅದರ ಮೇಲೆ ಹದಿನಾರೂವರೆ ಸಾವಿರ ಜಾಸ್ತಿ ಯಾಕೆ ಕೇಳ್ತೈತೆ?"

"ಎಂಟುನೂರು ಧ್ವನಿ ಇದೆ ಅಮ್ಮ ಇದ್ರಲ್ಲಿ."

"ಎಂಟುನೂರು ಇಟ್ಕೊಂಡು ಏನ್ ಮಾಡ್ಲಪ್ಪ? ನಂಗೆ ಬೇಕಾದ್ದು ಮೂರು. ಉಳಿದ ಏಳುನೂರ ತೊಂಬತ್ತೇಳರ ದುಡ್ಡು ಕಳೆದು ಹೇಳು."

ಶರತ್ ನಕ್ಕ. ವ್ಯಾಪಾರ ಗೊತ್ತಿದ್ದ ಹುಡುಗ. ಕ್ಯಾಲ್ಕುಲೇಟರ್ ಎಳೆದುಕೊಂಡು ಅವಳ ಕಡೆಗೆ ತಿರುಗಿಸಿಟ್ಟ. "ತಬಲಾದೋರಿಗೆ ಮದ್ವೆಗೆ ಎಷ್ಟು ಕೊಡ್ತೀರಿ?"

"ಸಾವಿರದ ಎಂಟುನೂರು. ಪಾಲು ಅದು."

"ಇದ್ರಲ್ಲಿ ತಬಲ ಒಳಗೇ ಐತೆ. ಒಂದು ಬೆರಳು ಇಟ್ರೆ ಸಾಕು, ಅದು ಹೊಡ್ಕೊಂಡು ಹೋಗ್ತಾ ಇರುತ್ತೆ. ಸಾವಿರದ ಎಂಟುನೂರು ಇಂಟು ಇಪ್ಪತ್ತು, ಮೂವತ್ತಾರು ಸಾವಿರ. ಇಪ್ಪತ್ತು ಮದ್ವೆಗೆ ಇದು ಪುಕ್ಕಟೆ ಆಯ್ತು. ಇಪ್ಪತ್ತೊಂದನೇದ್ರಿಂದ ಲಾಭ."

ಲಕ್ಷ್ಮಮ್ಮನ ಮುಖ ಬಿಸಿಯಾಯಿತು. ಹುಡುಗ ಇಷ್ಟು ಬಿಚ್ಚಿ ಹೇಳಿದ್ದಕ್ಕಲ್ಲ. ತಬಲ ಒಳಗೇ ಇರುವುದಕ್ಕೆ ಮೂವತ್ತಾರು ಸಾವಿರವಂತೆ ಎಂದು ಹಿಂದಿನ ದಿನ ಹೇಮಾಶ್ರೀ ಹೇಳಿದಾಗ ಅವಳೂ ಇದೇ ಲೆಕ್ಕವನ್ನು ಬೆರಳ ಗೆಣ್ಣಿನ ಮೇಲೆ ಹಾಕಿದ್ದಳು. ಅಲ್ಲಿಗೂ ಇಪ್ಪತ್ತೇ ಬಂದಿತ್ತು. ಹುಚ್ಚಮ್ಮನ ಕಿವಿಯಲ್ಲಿ ಹೇಳಿಯೂ ಬಿಟ್ಟಿದ್ದಳು. ಈಗ ಅದನ್ನು ಮಷೀನಿನ ಮೇಲೆ ಕೆಂಪು ಅಂಕಿಯಲ್ಲಿ ನೋಡಿದಾಗ ಯಾರೋ ತನ್ನ ಸೆರಗು ಬಿಚ್ಚಿ ಗಂಟು ತೋರಿಸಿದಂತಾಯಿತು.

"ಎಲ್ಲಿ, ಬಾರಿಸು ನೋಡೋಣ," ಎಂದಳು, ಮಾತು ಮರೆಸಲು.

ಶರತ್ ಬಟನ್ ಒತ್ತಿದ.

ತಬಲ ಶುರುವಾಯಿತು. ಹಸೆಗೆ ಕರೆಯುವ ಪದದ ನಡೆ. ಎರಡು ಸುತ್ತು ಕೇಳುವಷ್ಟರಲ್ಲಿ ಲಕ್ಷ್ಮಮ್ಮನ ಬಾಯಿ ತಾನಾಗಿಯೇ ಪದ ಹಿಡಿಯಿತು. ಅಂಗಡಿಯಲ್ಲಿ ಕೂತಿದ್ದೇನೆ ಎಂಬುದೇ ಮರೆತಿತ್ತು. ಎರಡನೆಯ ಸಾಲಿನ ಕೊನೆಯಲ್ಲಿ ಎಂದಿನಂತೆ ಉಸಿರು ತೆಗೆದುಕೊಂಡಳು. ಉಸಿರಿಗೆ ಜಾಗ ಅಲ್ಲಿ ಇತ್ತು. ಮೂರನೆಯ ಪೆಟ್ಟು ಒಂದು ಕೂದಲೆಳೆಯಷ್ಟು ತಡವಾಗಿ ಬಿತ್ತು.

ಹಾಡು ಅಲ್ಲೇ ನಿಂತಿತು.

ಹಾಗೆ ಮೂರನೆಯ ಪೆಟ್ಟು ತಡವಾಗಿ ಬೀಳುವುದು ಅವಳಿಗೆ ತಿಳಿದ ಮಟ್ಟಿಗೆ ಒಂದೇ ಕೈಯಿಂದ. ಮರಿಯಣ್ಣನಿಗೆ ಹಳೇಬೀಡಿನಲ್ಲಿ ಹಿಟ್ಟಿನ ಗಿರಣಿ ಇದೆ. ಹರೆಯದಲ್ಲಿ ಗಿರಣಿಯ ಬೆಲ್ಟಿಗೆ ಸಿಕ್ಕಿ ಬಲಗೈ ಉಂಗುರದ ಬೆರಳು ಸೊಟ್ಟಗಾಗಿತ್ತು. ಆ ಬೆರಳು ಏಳುವುದಕ್ಕೆ ಒಂದು ಚೂರು ಹೆಚ್ಚು ಹೊತ್ತು ಬೇಕು. ಇಪ್ಪತ್ತೆರಡು ವರ್ಷದಿಂದ ಆ ಒಂದು ಚೂರು ಹೊತ್ತಿನಲ್ಲೇ ಲಕ್ಷ್ಮಮ್ಮ ಉಸಿರಾಡುತ್ತಿದ್ದಳು.

"ಯಾರದಿದು?" ಎಂದಳು. ಶರತ್ ಕಡೆ ತಿರುಗಿದಳು. "ಯಾರಪ್ಪ ಇದನ್ನ ಬಾರ್ಸಿರೋದು?"

"ಯಾರೋ ಗೊತ್ತಿಲ್ಲಮ್ಮ. ಕಂಪನಿಯೋರು ಹಾಕೋ ರಿದಮ್ಮು ನಮ್ಮ ಕಡೆ ಮದ್ವೆಗೆ ಹೊಂದಲ್ಲ. ಹಾಸನದಾಗೆ ಒಬ್ರು ಹಳ್ಳಿ ಕಡೆ ತಬಲ ರೆಕಾರ್ಡ್ ಮಾಡ್ಕೊಂಡು ಪೆನ್‌ಡ್ರೈವ್‌ನಲ್ಲಿ ಕೊಡ್ತಾರೆ. ಚಿಕ್ಕವೆರಡೂ ಹೊರಗಿನ ರಿದಮ್ ತಗೊಳ್ಳಲ್ಲ, ಇದು ತಗೊಳ್ಳುತ್ತೆ. ರೇಟು ಜಾಸ್ತಿ ಇರೋದೇ ಅದಕ್ಕೆ. ಒಟ್ಟು ಮೂವತ್ತೊಂದು ಐತೆ."

"ಅತ್ತೆ, ತಬಲ ಅಂದ್ರೆ ಎಲ್ಲಾ ಹಂಗೇ ಇರುತ್ತೆ," ಎಂದಳು ಹೇಮಾಶ್ರೀ, ಅವಳ ಕೈ ಹಿಡಿದು.

"ಮೂವತ್ತೊಂದನ್ನೂ ಹಾಕು."

ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಅವಳು ಒಂದೊಂದಾಗಿ ಕೇಳಿದಳು. ಗಂಗೆ ತರುವುದು, ಅರಿಶಿನ ಹಚ್ಚುವುದು, ಬಳೆ ತೊಡಿಸುವುದು, ಬಾಸಿಂಗ ಕಟ್ಟುವುದು, ಧಾರೆ, ಬುವ್ವದೂಟ, ಬೀಗರನ್ನು ಜರೆಯುವ ಪದ, ಆರತಿ. ಎಲ್ಲ ಇತ್ತು. ಬೀಗರ ಪದದಲ್ಲಿ ಮರಿಯಣ್ಣ ಕೊನೆಗೆ ಎಡಗೈಯಲ್ಲಿ ಗುಂ ಎಂದು ಎಳೆದು ಜನರನ್ನು ನಗಿಸುತ್ತಿದ್ದ. ಆ ಗುಂ ಕೂಡ ಇತ್ತು. ಮನುಷ್ಯ ಅಲ್ಲಿರಲಿಲ್ಲ, ಅವನ ಕೈ ಇತ್ತು.

ತಂಡದ್ದು ಒಟ್ಟು ಮೂವತ್ತೆರಡು ತಾಳ. ಒಂದು ಕಡಿಮೆಯಿತ್ತು. ಹೆಣ್ಣೊಪ್ಪಿಸುವ ಪದದ್ದು ಬರಲಿಲ್ಲ.

"ಇಷ್ಟೇನಾ?"

"ಇಷ್ಟೇ ಅಮ್ಮ. ಸಾಲದಾ?"

ಅವಳು ಎದ್ದಳು. ಕೊಳ್ಳಲಿಲ್ಲ, ಕೊಳ್ಳುವುದಿಲ್ಲವೆಂದೂ ಹೇಳಲಿಲ್ಲ. ಬೇಲೂರು ಬಸ್ಸು ಹಾರನಹಳ್ಳಿಯಲ್ಲಿ ನಿಂತಾಗ ಸೊಸೆಯನ್ನು ಇಳಿಸಿ, ತಾನು ಇಳಿಯದೆ ಹಳೇಬೀಡಿಗೆ ಟಿಕೆಟ್ ತೆಗೆದುಕೊಂಡಳು. ಜಾವಗಲ್ ದಾಟುವವರೆಗೂ ಅವಳ ಕಿವಿಯಲ್ಲಿ ಆ ಗುಂ ಎಂಬುದು ಕೂತೇ ಇತ್ತು.

ಮರಿಯಣ್ಣ ರಾಗಿ ಬೀಸುತ್ತಿದ್ದ. ಹುಬ್ಬು ಮೀಸೆಯ ಮೇಲೆಲ್ಲ ಹಿಟ್ಟು. ಅವಳನ್ನು ಕಂಡು ಗಿರಣಿ ನಿಲ್ಲಿಸಿದ.

"ಏನ್ ಲಕ್ಷ್ಮವ್ವ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ? ತಗೊಂಡ್ಯಾ ಪೆಟ್ಟಿಗೆನಾ?"

"ಅದರೊಳಗೆ ನೀನಿದ್ದೀಯ ಮರಿಯಣ್ಣ."

ಅವನು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಳ್ಳುವುದು ಮುಗಿಯಲೇ ಇಲ್ಲ. ಕಡೆಗೆ ಟವೆಲ್ ಕೆಳಗಿಳಿಸಿ, "ಹೆಂಗೆ ಗೊತ್ತಾಯ್ತು?" ಎಂದ.

"ಗೊತ್ತಾಯ್ತು, ಅಷ್ಟೇ. ಎಷ್ಟಕ್ಕೆ ಕೊಟ್ಟೆ?"

"ತಾಳಕ್ಕೆ ಇನ್ನೂರು."

"ವರ್ಷಕ್ಕಾ?"

"ವರ್ಷ ಎಂಥದು? ಕೊಟ್ಟಿದ್ದು ಕೊಟ್ಟಂಗೆ. ಎರಡು ವರ್ಷ ಆಯ್ತು. ಮೋಟರ್ ಸುಟ್ಟೋಗಿ ಗಿರಣಿ ಸದ್ದಿರಲಿಲ್ಲ. ಹಾಸನದೋನು ಬಂದು ಹಿಂದಿನ ರೂಮಿನಾಗೆ ಮೈಕ್ ಇಟ್ಟ. ಮೂವತ್ತೊಂದಕ್ಕೆ ಆರು ಸಾವಿರದ ಇನ್ನೂರು. ಅದ್ರಲ್ಲೇ ಮೋಟರ್ ಕಟ್ಟಿಸ್ದೆ."

ಲಕ್ಷ್ಮಮ್ಮ ಗಿರಣಿಯ ಕಟ್ಟೆಯ ಮೇಲೆ ಕೂತಳು. ಒಂದು ಮದುವೆಗೆ ತಾನು ಸಾವಿರದ ಎಂಟುನೂರು ಕೊಡುವ ಕೈ. ಅದು ಇನ್ನೂರಕ್ಕೆ ಒಂದರಂತೆ, ಎಂದೆಂದಿಗೂ, ಯಾರ ಮನೆಗೆ ಬೇಕಾದರೂ ಹೋಗುವಂತೆ ಮಾರಾಟವಾಗಿತ್ತು.

"ಬುದ್ಧಿ ಎಲ್ಲಿಟ್ಟಿದ್ದೆ? ಒಂದು ಮಾತು ಕೇಳಬಾರದಾ? ಮೋಟರ್‌ಗೆ ಡಬ್ಬಿಯಿಂದ ನಾನೇ ಕೊಡ್ತಿದ್ದೆ."

"ಅದು ವಾದ್ಯದ ಪಾಲು. ಗಿರಣಿಗೆ ಹೆಂಗೆ ಕೇಳ್ಲಿ?" ಎಂದ ಮರಿಯಣ್ಣ. ಆಮೇಲೆ ನಿಧಾನವಾಗಿ, "ನೀನೂ ನನ್ನ ಒಂದು ಮಾತು ಕೇಳಬಹುದಿತ್ತು. ಇಪ್ಪತ್ತು ಮದ್ವೆಗೆ ಪೆಟ್ಟಿಗೆ ದುಡ್ಡು ಹುಟ್ತೈತಂತೆ? ಹುಚ್ಚಮ್ಮ ನಿನ್ನೆ ಸಂಜೆ ಫೋನ್ ಮಾಡಿದ್ಲು," ಎಂದ.

ಅವಳಿಗೆ ತಲೆ ಎತ್ತಲಾಗಲಿಲ್ಲ. ಕಾಲ ಕೆಳಗೆ ಚೆಲ್ಲಿದ್ದ ಹಿಟ್ಟನ್ನು ನೋಡುತ್ತ ಕೂತಳು. ಅವನು ತನ್ನನ್ನು ಆರು ಸಾವಿರದ ಇನ್ನೂರಕ್ಕೆ ಮಾರಿಕೊಂಡಿದ್ದ. ಅವಳು ಮನಸ್ಸಿನಲ್ಲಿ ಮೂವತ್ತಾರಕ್ಕೆ ಮಾರಿದ್ದಳು. ವ್ಯತ್ಯಾಸ ಅಷ್ಟೇ.

ಕಾಲಿನಿಂದ ಹಿಟ್ಟನ್ನು ಒತ್ತಟ್ಟಿಗೆ ಸರಿಸುತ್ತ ಕೇಳಿದಳು. "ಹೆಣ್ಣೊಪ್ಪಿಸೋದು ಯಾಕೆ ಕೊಡ್ಲಿಲ್ಲ?"

"ಕೊಡಕ್ಕೆ ಹೋದೆ. ಬರ್ಲಿಲ್ಲ."

"ಬರ್ಲಿಲ್ಲ ಅಂದ್ರೆ?"

"ಮೂರು ಸಲ ಬಾರಿಸ್ದೆ. ಆ ಪದಕ್ಕೆ ಲೆಕ್ಕ ಇಲ್ವಲ್ಲ ಲಕ್ಷ್ಮವ್ವ. ಹುಡುಗಿ ತಾಯಿ ಅಳಕ್ಕೆ ಶುರು ಮಾಡಿದ್ರೆ ನೀನು ನಿಲ್ತೀಯ, ನಾನೂ ನಿಲ್ತೀನಿ. ನೀನು ಹೊರಟ್ರೆ ನಾನು ಹೊರಡ್ತೀನಿ. ಅಲ್ಲಿ ಎದುರಿಗೆ ಮೈಕು ಬಿಟ್ರೆ ಯಾರಿದ್ರು? ಎಲ್ಲಿ ನಿಲ್ಲಬೇಕು ಅಂತ್ಲೇ ತಿಳೀಲಿಲ್ಲ. ಬಿಡಿ ಅಜ್ಜ ಅಂದ ಅವನು." ಮರಿಯಣ್ಣ ಮೀಸೆಯಲ್ಲೇ ನಕ್ಕ. "ಒಳ್ಳೇದೇ ಆಯ್ತಲ್ಲ. ನೀನು ಯಾವ ಪೆಟ್ಟಿಗೆ ತಂದ್ರೂ ಕೊನೇಲಿ ನನ್ನ ಕರೀಲೇಬೇಕು. ಹೋಗು, ದೊಡ್ಡದನ್ನೇ ತಗೋ."

"ಎರಡೆರಡು ಮರಿಯಣ್ಣನ್ನ ಸಾಕೋ ಶಕ್ತಿ ನಂಗಿಲ್ಲ," ಎಂದು ಲಕ್ಷ್ಮಮ್ಮ ಎದ್ದು ಸೀರೆಗೆ ಹತ್ತಿದ್ದ ಹಿಟ್ಟು ಕೊಡವಿದಳು.

ಮರುದಿನ ನಡುವಿನದನ್ನು ತಂದಳು. ಅರ್ಧ ಗಂಟೆ ಚೌಕಾಸಿ ಮಾಡಿ ಚೀಲವನ್ನು ಪುಕ್ಕಟೆ ಹಾಕಿಸಿಕೊಂಡಳು. ಸ್ಟ್ಯಾಂಡು ಸೇರಿ ಇಪ್ಪತ್ತು ಸಾವಿರದ ಒಂಬೈನೂರು. ಹಾರ್ಮೋನಿಯಂ ಕೊಡಲಿಲ್ಲ. ಹೇಮಾಶ್ರೀ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಬೆರಳಿನ ಭಾರಕ್ಕೆ ದನಿ ಏಳುವುದು ಇಳಿಯುವುದು ಕೈಗೆ ಹತ್ತಿ, ಮುಖದ ಊತವೂ ಇಳಿಯಿತು.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದಳು ಲಕ್ಷ್ಮಮ್ಮ. ಅವಳು ಕೊಳ್ಳದೆ ಬಿಟ್ಟ ಪೆಟ್ಟಿಗೆಯನ್ನು ಬೇರೆಯವರು ಕೊಳ್ಳುತ್ತಾರೆ ಎಂಬುದು ಅಷ್ಟು ಲೆಕ್ಕ ಬಲ್ಲ ಹೆಂಗಸಿಗೆ ಹೊಳೆದಿರಲೇ ಇಲ್ಲ.

ಫಾಲ್ಗುಣದಲ್ಲಿ ಬೇಲೂರಿನ ಒಂದು ಕಲ್ಯಾಣ ಮಂಟಪದಲ್ಲಿ ಹಾಡಲು ಹೋಗಿದ್ದರು. ಮಹಡಿಯ ಹಾಲಿನಲ್ಲಿ ಇವರು ಹಾಡುವ ಮದುವೆ, ಕೆಳಗಿನ ಹಾಲಿನಲ್ಲಿ ಇನ್ನೊಂದು. ಧಾರೆ ಮುಗಿದು ಬೀಗರು ಊಟಕ್ಕೆ ಕೂತಿದ್ದರು. ತಂಡ ಗೋಡೆಗೆ ಒರಗಿ ಮಜ್ಜಿಗೆ ಕುಡಿಯುತ್ತಿತ್ತು. ಆಗ ಕೆಳಗಿನಿಂದ ತಬಲ ಕೇಳಿಸಿತು.

ಮರಿಯಣ್ಣ ಲೋಟ ಹಿಡಿದವನು ಹಾಗೇ ಕೂತ. ಅವನ ಎರಡು ಕೈಯೂ ಲೋಟದ ಮೇಲಿದ್ದವು. ಅವನ ತಬಲ ಬಟ್ಟೆ ಮುಚ್ಚಿಕೊಂಡು ಪಕ್ಕದಲ್ಲಿತ್ತು. ಕೆಳಗೆ ಅವನು ಬಾರಿಸುತ್ತಿದ್ದ. ಹುಚ್ಚಮ್ಮ ಒಮ್ಮೆ ಅವನ ಕೈ ನೋಡಿದಳು, ಒಮ್ಮೆ ನೆಲ ನೋಡಿದಳು, ಬಾಯಿಗೆ ಸೆರಗು ಮುಚ್ಚಿಕೊಂಡಳು.

"ಅದು ನಾನಾ?" ಎಂದ ಮರಿಯಣ್ಣ.

"ನೀನೇ."

ಅವನು ಕಿವಿಗೊಟ್ಟು ಕೇಳಿದ. ರೆಕಾರ್ಡ್ ಮಾಡಿದವನು ಅವನಿಗೆ ತಿರುಗಿಸಿ ಕೇಳಿಸಿರಲಿಲ್ಲ. ಅರವತ್ತು ದಾಟಿದ ಆ ಮನುಷ್ಯ ತನ್ನ ಕೈಯನ್ನು ದೂರದಲ್ಲಿ ಕೂತು ಕೇಳಿದ್ದು ಅದೇ ಮೊದಲು. ಕೇಳುತ್ತ ಕೇಳುತ್ತ ಲೋಟ ಕೆಳಗಿಟ್ಟ.

"ಲಕ್ಷ್ಮವ್ವ, ಮೂರನೇ ಪೆಟ್ಟು ತಡ ಬೀಳ್ತಾ ಐತಲ್ಲ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಂದು ಯಾವಾಗ್ಲೂ ಹಿಂಗೇ ಬೀಳ್ತೈತಾ?"

"ಹೂಂ."

"ಇಪ್ಪತ್ತೆರಡು ವರ್ಷದಿಂದ? ಯಾಕವ್ವ ಹೇಳ್ಲಿಲ್ಲ? ಎಷ್ಟು ಜನದ ಮುಂದೆ ಬಾರಿಸಿದ್ದೀನಿ!"

"ಅಲ್ಲೇ ಕಣಣ್ಣ ನಾನು ಉಸಿರು ತಗೊಳ್ಳೋದು," ಎಂದಳು ಲಕ್ಷ್ಮಮ್ಮ. "ಹೇಳಿದ್ರೆ ನೀನು ಸರಿ ಮಾಡ್ಕೊಂಬಿಡ್ತಿದ್ದೆ."

ಅವನು ಸೊಟ್ಟ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡ.

ಅಷ್ಟರಲ್ಲಿ ಮೆಟ್ಟಿಲು ಹತ್ತಿಕೊಂಡು ಒಬ್ಬ ಹುಡುಗಿ ಏದುಸಿರು ಬಿಡುತ್ತ ಬಂದಳು. ಜರಿ ಸೀರೆ, ಕೊರಳಲ್ಲಿ ಇನ್ನೂ ಮೈಕಿನ ವೈರು. ಕೆಳಗಿನ ತಂಡದ ಕಾವ್ಯಶ್ರೀ. ಅವಳದು ಇಬ್ಬರ ತಂಡ. ಅವಳು ಹಾಡುವುದು, ತಮ್ಮ ದೊಡ್ಡ ಕೀಬೋರ್ಡು ನುಡಿಸುವುದು, ಮದುವೆಗೆ ನಾಲ್ಕೂವರೆ ಸಾವಿರ.

"ಅಮ್ಮ, ನೀವು ಹಾರನಹಳ್ಳಿಯೋರಲ್ವಾ? ಕೆಳಗೆ ಹೆಣ್ಣೊಪ್ಪಿಸೋ ಪದ ಬೇಕೇ ಬೇಕು ಅಂತ ಹುಡುಗಿ ಅಜ್ಜಿ ಹಟ ಹಿಡಿದವ್ರೆ. ನಮ್ಮ ಪ್ಯಾಕ್‌ನಲ್ಲಿ ಅದಿಲ್ಲ. ಆರತಿ ರಿದಮ್ ಹಾಕಿ ಹಾಡೋಕೆ ಹೋದೆ. ಮದುಮಗಳು ಅಳ್ತಾ ಇದ್ರೆ ಅದು ನಿಲ್ಲದೆ ಹೊಡೀತಾನೇ ಹೋಯ್ತು. ಎಲ್ರೂ ನಕ್ಕುಬಿಟ್ರು." ಹುಡುಗಿಯ ಕಣ್ಣಲ್ಲಿ ನೀರು ನಿಂತಿತ್ತು. "ನಿಮ್ಮ ತಬಲಾದೋರನ್ನ ಒಂದು ಹತ್ತು ನಿಮಿಷ ಕಳಿಸಿ."

ಹುಡುಗಿಯ ಮೇಲೆ ಸಿಟ್ಟು ಮಾಡಲು ಲಕ್ಷ್ಮಮ್ಮನಿಗೆ ಆಗಲಿಲ್ಲ. ಕೊಟ್ಟವರುಂಟು, ಕೊಂಡವರುಂಟು, ಇವಳು ದುಡ್ಡು ಕೊಟ್ಟೇ ತಂದಿದ್ದಾಳೆ.

"ನಮ್ಮ ತಬಲಾದೋರನ್ನ ನೀನು ಆಗಲೇ ಇಟ್ಕೊಂಡಿದ್ದೀಯ ಕಣವ್ವ," ಎಂದಳು. ಹುಡುಗಿ ಕಣ್ಣರಳಿಸಿ ನೋಡಿದಳು. ಗೊತ್ತಾಗಿರಲಿಲ್ಲ. "ಇರ್ಲಿ ಬಿಡು. ಪದ ಇಲ್ದೆ ಆ ತಾಳ ಇಲ್ಲ. ಇಬ್ರೂ ಬತ್ತೀವಿ. ಎರಡು ಸಾವಿರದ ನಾನೂರು."

"ಎರಡು ಸಾವಿರದ... ಅಮ್ಮ, ನಮಗೆ ಉಳಿಯೋದೇನು?"

"ಮಾನ."

ಕಾವ್ಯಶ್ರೀ ಒಪ್ಪಿಕೊಂಡಳು. ಕೆಳಗೆ ಹೋಗಿ ಲಕ್ಷ್ಮಮ್ಮ ಅವಳ ತಮ್ಮನಿಗೆ, "ರಿದಮ್ ಆಫ್ ಮಾಡಪ್ಪ. ಶ್ರುತಿ ಮಾತ್ರ ಹಿಡ್ಕೊಂಡಿರು," ಎಂದಳು. ಹಾಡಿದಳು. ಹುಡುಗಿಯ ತಾಯಿ ಅತ್ತಾಗ ಪದ ನಿಂತಿತು, ತಬಲ ನಿಂತಿತು. ಅಜ್ಜಿ ಮೊಮ್ಮಗಳ ಕೈಯನ್ನು ಬೀಗಿತಿಯ ಕೈಯಲ್ಲಿಟ್ಟಾಗ ಎರಡೂ ಹೊರಟವು. ನಕ್ಕವರು ಮೂಗು ಒರೆಸಿಕೊಳ್ಳುತ್ತಿದ್ದರು.

ಎರಡು ಸಾವಿರದ ನಾನೂರನ್ನು ಮಹಡಿಯ ಮೆಟ್ಟಿಲ ಮೇಲೆಯೇ ಮೂರು ಪಾಲು ಮಾಡಿದಳು. ಅವಳಿಗೆ ಒಂದು, ಮರಿಯಣ್ಣನಿಗೆ ಒಂದು, ವಾದ್ಯಕ್ಕೆ ಒಂದು.

ವಿಷಯ ಹಬ್ಬಿತು. ದೊಡ್ಡ ಪೆಟ್ಟಿಗೆಯ ತಂಡಗಳು ಗಂಡಸಿಯಲ್ಲಿ ಒಂದು, ಅರಸೀಕೆರೆಯಲ್ಲಿ ಎರಡು ಹುಟ್ಟಿಕೊಂಡವು. ಎಲ್ಲದರಲ್ಲೂ ಮರಿಯಣ್ಣ ಇದ್ದ, ಯಾವುದರಲ್ಲೂ ಮೂವತ್ತೆರಡನೆಯದು ಇರಲಿಲ್ಲ. ಅವರು ಫೋನ್ ಮಾಡುತ್ತಿದ್ದರು, ಇವರಿಬ್ಬರೂ ಬಸ್ಸು ಹತ್ತುತ್ತಿದ್ದರು.

ಆ ಸಾಲಿನ ಮದುವೆಗಳು ಮುಗಿದ ಮೇಲೆ ಲಕ್ಷ್ಮಮ್ಮ ಡಬ್ಬಿ ಮುಂದಿಟ್ಟುಕೊಂಡು ಲೆಕ್ಕ ಹಾಕಿದಳು. ಹೋದ ವರ್ಷ ಇಪ್ಪತ್ತೆರಡು ಮದುವೆ, ಒಂದು ಲಕ್ಷದ ತೊಂಬತ್ತೆಂಟು ಸಾವಿರ. ಈ ವರ್ಷ ಹದಿಮೂರು ಮದುವೆ, ಒಂದು ಲಕ್ಷದ ಹದಿನೇಳು ಸಾವಿರ. ಹೆಣ್ಣೊಪ್ಪಿಸುವ ಪದಕ್ಕೆಂದೇ ಬಂದ ಕರೆ ಹದಿನಾರು, ಮೂವತ್ತೆಂಟು ಸಾವಿರದ ನಾನೂರು. ಎಲ್ಲ ಸೇರಿಸಿದರೂ ನಲವತ್ತೆರಡು ಸಾವಿರದ ಆರುನೂರು ಕಡಿಮೆ. ನಡುವಿನ ಕೀಬೋರ್ಡು ಚೆನ್ನಾಗಿದೆ, ಒಂದು ದಿನವೂ ಕೈ ಕೊಟ್ಟಿಲ್ಲ.

ಇನ್ನೊಂದು ಉಂಟು. ಬೇಲೂರಿನ ಆ ದಿನದಿಂದ ಮರಿಯಣ್ಣ ಗಿರಣಿಯಲ್ಲಿ ಕೂತು ಬೆರಳು ಪಳಗಿಸಿದ. ಮೂರನೆಯ ಪೆಟ್ಟು ಈಗ ಸಮಯಕ್ಕೆ ಸರಿಯಾಗಿ ಬೀಳುತ್ತದೆ. ಲಕ್ಷ್ಮಮ್ಮ ಉಸಿರು ತೆಗೆದುಕೊಳ್ಳುತ್ತಿದ್ದ ಜಾಗ ಹೋಯಿತು.